ಮೂವತ್ತೊಂದು ಅಕೌಂಟು, ಒಂದು ನೋಟ್‌ಬುಕ್ಕು

ಹೋದ ಸಂಚಿಕೆಯಲ್ಲಿ ಓಟಿಪಿ ಬಗ್ಗೆ ಒಂದು ಪುಟ್ಟ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದಾದ ಮೇಲೆ ಪಾಸ್‌ವರ್ಡ್, ಲಾಗಿನ್, ಆ್ಯಪ್‌ಗಳ ತೊಂದರೆ ಬಗ್ಗೆ ಬಂದ ಪತ್ರಗಳ ರಾಶಿ ನೋಡಿ, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ನಾನು 22 ವರ್ಷ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಇದ್ದವಳು. "ಮೇಡಂ, ಲಾಗಿನ್ ಆಗ್ತಾ ಇಲ್ಲ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿಕೊಂಡು ಬರುವವರ ಮುಖದಲ್ಲಿ ಯಾವಾಗಲೂ ಒಂದು ಸಂಕೋಚ ಇರುತ್ತಿತ್ತು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಈ ಪತ್ರಗಳಲ್ಲೂ ಅದೇ ಸಂಕೋಚ ಕಂಡಿತು. ಅದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವೇ ಆಗಿದೆ.

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಶಿಕ್ಷಕಿ. ಬ್ಯಾಂಕು, ವಿಮೆ, ಆಸ್ಪತ್ರೆ, ರೈಲು ಟಿಕೆಟ್ಟು, ಮೊಮ್ಮಗಳ ಶಾಲೆ, ಎಲ್ಲದಕ್ಕೂ ಒಂದೊಂದು ಅಕೌಂಟು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೊನ್ನೆ ಎಣಿಸಿದರೆ 31 ಆಯಿತು. ಅರ್ಧಕ್ಕರ್ಧ ಹೊಡೆದುಹಾಕಿ ಪಕ್ಕದಲ್ಲಿ ಹೊಸದು ಬರೆದಿದ್ದೇನೆ, ಅದನ್ನೂ ಹೊಡೆದುಹಾಕಿ ಇನ್ನೊಂದು. ಪುಸ್ತಕ ನೋಡಿಕೊಂಡೇ ಹಾಕಿದರೂ ತಪ್ಪು ಅನ್ನುತ್ತದೆ. ಸರಿ, ಮರೆತಿದ್ದೇನೆ ಅಂತ ಒತ್ತಿ ಹೊಸದು ಕೊಟ್ಟರೆ, "ಇದು ನಿಮ್ಮ ಹಳೆಯ ಪಾಸ್‌ವರ್ಡ್, ಬೇರೆ ಕೊಡಿ" ಅನ್ನುತ್ತದೆ! ಇಷ್ಟು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದ ನನ್ನ ತಲೆಗೆ ಈಗ ಏನಾಗಿದೆ? ಬರೆದಿಡುವುದೇ ತಪ್ಪು ಅಂತ ಮಗ ಬೈಯುತ್ತಾನೆ. ಅವನನ್ನು ಕೇಳಲೂ ನಾಚಿಕೆ.

ಉತ್ತರ: ಟೀಚರ್, ನಿಮ್ಮ ತಲೆಗೆ ಏನೂ ಆಗಿಲ್ಲ. ಈ ಮಾತನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಕಾರಣ ಇದೆ.

ಕಂಪ್ಯೂಟರಿಗೆ ಪಾಸ್‌ವರ್ಡ್ ತಂದವರು ಅಂತ ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಫರ್ನಾಂಡೊ ಕೊರ್ಬಾಟೊ ಅವರನ್ನು. 1960ರ ದಶಕದ ಆರಂಭದ ಮಾತು. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಫೈಲಿಗೆ ಇನ್ನೊಬ್ಬರು ಕೈಹಾಕದಿರಲಿ ಅಂತ ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟರು. ಒಂದು ಕಂಪ್ಯೂಟರು, ಒಂದು ಪಾಸ್‌ವರ್ಡು. ಅಷ್ಟಕ್ಕೆ ಅದು ಚೆನ್ನಾಗಿಯೇ ಇತ್ತು. ಅದೇ ಕೊರ್ಬಾಟೊ 2014ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಒಂದು ಪತ್ರಿಕೆಯ ಜೊತೆ ಮಾತಾಡುತ್ತಾ, ವೆಬ್ ಬಂದ ಮೇಲೆ ಪಾಸ್‌ವರ್ಡ್ ಅನ್ನೋದು ಕೆಟ್ಟ ಕನಸಿನ ಹಾಗೆ ಆಗಿದೆ ಎಂದರು. ತಾವೂ ಪಾಸ್‌ವರ್ಡ್‌ಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾಗಿ ಹೇಳಿದರು. ಅದನ್ನು ತಂದವರೇ ಬರೆದಿಟ್ಟುಕೊಂಡರು ಟೀಚರ್. ಇದನ್ನು ಮಗನಿಗೂ ಓದಿ ಹೇಳಿ.

ಈಗ, ಪುಸ್ತಕ ನೋಡಿ ಹಾಕಿದರೂ ತಪ್ಪು ಅನ್ನುತ್ತದಲ್ಲ, ಅದಕ್ಕೆ ಬರೋಣ. ನನ್ನ ಅನುಭವದಲ್ಲಿ ಇದು ಮರೆವಿನಿಂದ ಆಗುವುದು ಕಡಿಮೆ. ಫೋನಿನ ಕೀಬೋರ್ಡು ಎಷ್ಟೋ ಕಡೆ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡುತ್ತದೆ. ಮೇಲೆ ತೋರಿಸುವ ಪದವನ್ನು ಒತ್ತಿದರೆ ಕೊನೆಗೆ ಒಂದು ಖಾಲಿ ಜಾಗ ಸೇರಿಸುತ್ತದೆ. ಆ ಖಾಲಿ ಜಾಗ ಕಣ್ಣಿಗೆ ಬೀಳುವುದಿಲ್ಲ, ಆದರೆ ಕಂಪ್ಯೂಟರಿಗೆ ಅದೂ ಒಂದು ಅಕ್ಷರ. ಪಾಸ್‌ವರ್ಡ್ ಹಾಕುವ ಜಾಗದ ಬಲಗಡೆ ಸಾಮಾನ್ಯವಾಗಿ ಒಂದು ಕಣ್ಣಿನ ಚಿತ್ರ ಇರುತ್ತದೆ. ಅದನ್ನು ಒತ್ತಿ, ಚುಕ್ಕೆಗಳ ಬದಲು ಅಕ್ಷರ ಕಾಣುತ್ತದೆ. ಆಮೇಲೆ ಒಂದೊಂದೇ ಅಕ್ಷರ ಪುಸ್ತಕದ ಜೊತೆ ಹೋಲಿಸಿ. ಪುಸ್ತಕದಲ್ಲೂ ಒಂದು ಅಭ್ಯಾಸ ಮಾಡಿಕೊಳ್ಳಿ: ಸೊನ್ನೆಗೆ ಅಡ್ಡಗೆರೆ ಎಳೆಯಿರಿ, ದೊಡ್ಡಕ್ಷರದ ಕೆಳಗೆ ಗೆರೆ ಹಾಕಿ. ಸೊನ್ನೆ ಯಾವುದು, ಇಂಗ್ಲಿಷಿನ ಓ ಯಾವುದು ಅಂತ ಆರು ತಿಂಗಳ ಮೇಲೆ ಬರೆದವರಿಗೇ ಗೊತ್ತಾಗುವುದಿಲ್ಲ. ಒಬ್ಬರು ಇಂಥದ್ದೇ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಒಂದೇ ಸಾಲಿನ ಮೇಲೆ ಇಬ್ಬರೂ ಬಗ್ಗಿ ಕೂತೆವು. ಅವರು ‘ಒಂದು’ ಅಂದದ್ದು ನನಗೆ ಸಣ್ಣ ಎಲ್ ಥರ ಕಂಡಿತು. ಎಲ್ ಹಾಕಿದೆವು, ಬಾಗಿಲು ತೆರೆಯಿತು. ಎರಡು ವಾರದಿಂದ ಅವರು ಆ ಒಂದು ಗೀಟಿಗಾಗಿ ಒದ್ದಾಡಿದ್ದರು.

"ಇದು ನಿಮ್ಮ ಹಳೆಯ ಪಾಸ್‌ವರ್ಡ್" ಅಂತ ಬೈಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ, ಹೆಸರು ತಪ್ಪಿರುತ್ತದೆ. ಆ ಅಕೌಂಟನ್ನು ಫೋನ್ ನಂಬರ್ ಕೊಟ್ಟು ತೆರೆದಿರುತ್ತೀರಿ, ಈಗ ಇಮೇಲ್ ಕೊಡುತ್ತಿರುತ್ತೀರಿ. ಇಲ್ಲವೇ ಎರಡು ಇಮೇಲ್ ಇದ್ದು ಒಂದರ ಬದಲು ಇನ್ನೊಂದು. ಯಾವುದು ತಪ್ಪು ಅಂತ ಅದು ಬಿಡಿಸಿ ಹೇಳುವುದಿಲ್ಲ, ಬೇಕಂತಲೇ. ಹೇಳಿದರೆ ಕಳ್ಳನಿಗೂ ಸುಳಿವು ಸಿಗುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪಾಸ್‌ವರ್ಡಿಗಿಂತ ಮೊದಲು ‘ಯಾವುದರಿಂದ ತೆರೆದದ್ದು’ ಅಂತ ಒಂದು ಕಾಲಂ ಹಾಕಿ. ನಂಬರೋ, ಇಮೇಲೋ, ಇಲ್ಲಾ ಗೂಗಲ್ ಬಟನ್ ಒತ್ತಿ ಒಳಗೆ ಹೋದದ್ದೋ. ಈ ಮೂರನೆಯದನ್ನು ಜನ ಬರೆಯುವುದೇ ಇಲ್ಲ. ಆಮೇಲೆ, ಎಂದೂ ಇಲ್ಲದ ಪಾಸ್‌ವರ್ಡನ್ನು ನೆನಪಿಸಿಕೊಳ್ಳಲು ಕೂರುತ್ತಾರೆ.

ಇನ್ನು ಆ ದೊಡ್ಡಕ್ಷರ, ಅಂಕಿ, ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ ಇತ್ಯಾದಿ ನಿಯಮಗಳು. ಇವು ಹರಡಿದ್ದಕ್ಕೆ ಬಹುಮಟ್ಟಿಗೆ ಕಾರಣ ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನದಂಡ ಸಂಸ್ಥೆ 2004ರಲ್ಲಿ ತಂದ ಒಂದು ಮಾರ್ಗಸೂಚಿ. ಪಾಸ್‌ವರ್ಡ್ ಭಾಗ ಬರೆದವರು ಬಿಲ್ ಬರ್. 2017ರಲ್ಲಿ ಅವರೇ, ಅದರಲ್ಲಿ ಬಹಳಷ್ಟಕ್ಕೆ ಈಗ ವಿಷಾದ ಪಡುತ್ತೇನೆ ಎಂದರು. ಅದೇ ವರ್ಷ ಎನ್‌ಐಎಸ್‌ಟಿ ತನ್ನ ಸಲಹೆಯನ್ನೂ ತಿದ್ದಿತು: ಸುಮ್ನೆ ಕಾಲಕಾಲಕ್ಕೆ ಬದಲಾಯಿಸಿ ಅಂತ ಒತ್ತಾಯ ಮಾಡಬೇಡಿ, ಸೋರಿಕೆಯಾದ ಸುಳಿವು ಸಿಕ್ಕರೆ ಮಾತ್ರ ಬದಲಾಯಿಸಿ, ಚಿಹ್ನೆ, ಅಂಕಿಗಳ ಕಸರತ್ತಿಗಿಂತ ಉದ್ದ ಮುಖ್ಯ. ಆದರೂ ಎಷ್ಟೋ ಜಾಲತಾಣಗಳು ಹಳೆಯ ನಿಯಮವನ್ನೇ ಹಿಡಿದುಕೊಂಡಿವೆ. ನಿಮ್ಮ ನೋಟ್‌ಬುಕ್ಕಿನ ಹೊಡೆದುಹಾಕಿದ ಗೆರೆಗಳಲ್ಲಿ ಎಷ್ಟೋ ಇದರಿಂದಲೇ ಬಂದವು. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಹಾಗಾದರೆ ಏನು ಮಾಡುವುದು? 31ನ್ನೂ ಒಂದೇ ಸಮ ಕಾಯಲು ಹೋಗಬೇಡಿ. ಅವುಗಳಲ್ಲಿ ಒಂದು ತಾಯಿಬೇರು ಇದೆ. ಅದು ನಿಮ್ಮ ಇಮೇಲ್. ಯಾವ ಅಕೌಂಟಿನಲ್ಲಿ ‘ಮರೆತಿದ್ದೇನೆ’ ಅಂತ ಒತ್ತಿದರೂ ಸಾಮಾನ್ಯವಾಗಿ ಹೊಸ ಕೊಂಡಿ ಬರುವುದು ಅಲ್ಲಿಗೇ. ಇಮೇಲ್ ನಿಮ್ಮ ಕೈಯಲ್ಲಿದ್ದರೆ ಉಳಿದವು ಇವತ್ತಲ್ಲ ನಾಳೆ ಸಿಗುತ್ತವೆ. ಅದೇ ಕೈತಪ್ಪಿದರೆ ಉಳಿದವೂ ಒಂದೊಂದಾಗಿ ಹೋಗಬಹುದು. ಆದ್ದರಿಂದ ಈ ವಾರ ಇಮೇಲಿನ ಕೆಲಸ ಒಂದನ್ನೇ ಮಾಡಿ.

ಅದಕ್ಕೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಬೇರೆಲ್ಲೂ ಅಂದರೆ ಬೇರೆಲ್ಲೂ. ಯಾವುದೋ ಸಣ್ಣ ಜಾಲತಾಣದಿಂದ ಹೆಸರು, ಪಾಸ್‌ವರ್ಡ್ ಸೋರಿಹೋದರೆ ಕಳ್ಳರು ಅದೇ ಜೋಡಿಯನ್ನು ಇನ್ನೂ ನೂರು ಕಡೆ ಹಾಕಿ ನೋಡುತ್ತಾರೆ. ಹೊಸ ಪಾಸ್‌ವರ್ಡಿಗೆ ಒಂದು ಸುಲಭ ದಾರಿ ಹೇಳುತ್ತೇನೆ. ನಿಘಂಟು ತೆಗೆದುಕೊಳ್ಳಿ. ಕಣ್ಣು ಮುಚ್ಚಿ ಯಾವುದೋ ಪುಟ ತೆರೆದು ಬೆರಳಿಡಿ. ಹೀಗೆ ಐದು ಸಲ. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸಿಗುತ್ತವೆ: ಏಣಿ, ಮೋಡ, ಬೀಗ, ಆಮೆ, ಸಾಲ ಇದ್ದ ಹಾಗೆ. ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಬರೆಯಿರಿ. ಏಣಿ ಹತ್ತಿ ಮೋಡದ ಬೀಗ ತೆಗೆಯಲು ಹೊರಟ ಆಮೆ ಸಾಲ ಕೇಳಿತು ಅಂತ ಮನಸ್ಸಿನಲ್ಲಿ ಒಂದು ಚಿತ್ರ ಮಾಡಿಕೊಳ್ಳಿ. ಮಕ್ಕಳಿಗೆ ಕಥೆ ಹೇಳಿ ಪಾಠ ನೆನಪಿಡಿಸಿದವರು ನೀವು, ಇದು ನಿಮಗೆ ಕಷ್ಟವಲ್ಲ. (ಅಚ್ಚಾದ ಮೇಲೆ ಈ ಐದು ಪದ ಎಲ್ಲರಿಗೂ ಗೊತ್ತು. ನಿಮ್ಮದು ಬೇರೆಯೇ ಇರಲಿ.) ಆಮೇಲೆ ಇಮೇಲಿನ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿರುವ ಫೋನ್ ನಂಬರ್ ಈಗ ನೀವು ಬಳಸುವುದೇ ಅಂತ ನೋಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆಗ ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡಿನಂಥ ಎರಡನೇ ಗುರುತನ್ನೂ ಕೇಳುತ್ತದೆ.

ಇಮೇಲ್ ಆಯಿತು. ಬ್ಯಾಂಕು, ಆಸ್ಪತ್ರೆ, ವಿಮೆ, ಹಣ ಮತ್ತು ಆರೋಗ್ಯದ ಇನ್ನೊಂದೆರಡು ಸೇರಿಸಿ ಒಂದು ಐದಾರನ್ನು ಚೆನ್ನಾಗಿ ನೋಡಿಕೊಳ್ಳಿ. ಉಳಿದ 25ರಲ್ಲಿ ಬೇಡದ್ದನ್ನು ಮುಚ್ಚಿಬಿಡಿ. ವರ್ಷಕ್ಕೊಮ್ಮೆ ಬೇಕಾಗುವಂಥದ್ದನ್ನು ನೆನಪಿಡುವ ಗೋಜಿಗೇ ಹೋಗಬೇಡಿ. ಬೇಕಾದಾಗ ‘ಮರೆತಿದ್ದೇನೆ’ ಒತ್ತಿ, ಇಮೇಲಿಗೆ ಬಂದ ಕೊಂಡಿಯಿಂದ ಹೊಸದು ಮಾಡಿಕೊಂಡು ಕೆಲಸ ಮುಗಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ನಾನೂ ಹಾಗೇ ಮಾಡುತ್ತೇನೆ.

ನೋಟ್‌ಬುಕ್ಕು ಇರಲಿ. ದೂರದಲ್ಲೆಲ್ಲೋ ಕೂತ ಕಳ್ಳ ನಿಮ್ಮ ಬೀರುವಿನಲ್ಲಿರುವ ಪುಸ್ತಕವನ್ನು ಓದಲಾರ. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಓಡಾಡಬೇಡಿ, ಅದರ ಫೋಟೋ ತೆಗೆದು ಫೋನಿನಲ್ಲಿ ಇಡಬೇಡಿ. ಬ್ಯಾಂಕಿನ ಪಿನ್ ಮಾತ್ರ ಅದರಲ್ಲಿ ಬೇಡ. ಮಗ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಡುತ್ತೇನೆ ಎಂದರೆ ಬೇಡ ಅನ್ನಬೇಡಿ, ಅದು ಒಳ್ಳೆಯ ಸಾಧನ. ಒಂದು ಮುಖ್ಯ ಪಾಸ್‌ವರ್ಡ್ ನೆನಪಿಟ್ಟರೆ ಉಳಿದದ್ದನ್ನು ಅದೇ ನೆನಪಿಡುತ್ತದೆ, ತಾನೇ ತುಂಬುತ್ತದೆ. ಆದರೆ ಅದನ್ನು ಅವನು ಹಾಕಿಕೊಟ್ಟು ಎದ್ದು ಹೋಗುವುದು ಬೇಡ. ಪಕ್ಕದಲ್ಲಿ ಕೂತು ನಿಮ್ಮ ಕೈಯಲ್ಲೇ ಮಾಡಿಸಲಿ.

ಪ್ರಶ್ನೆ: ನನಗೆ 29. ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಮ್ಯಾನೇಜರ್ ಸ್ಲ್ಯಾಕ್‌ನಲ್ಲಿ ಬರೆಯುತ್ತಾರೆ, ಗ್ರಾಹಕರು ವಾಟ್ಸ್ಆ್ಯಪ್‌ನಲ್ಲಿ, ಇನ್ನೊಂದು ತಂಡ ಟೀಮ್ಸ್‌ನಲ್ಲಿ, ಲೆಕ್ಕಪತ್ರದವರು ಇಮೇಲ್‌ನಲ್ಲಿ. ಸ್ನೇಹಿತರು ಟೆಲಿಗ್ರಾಂ. ಹೋದ ತಿಂಗಳು ಒಂದು ಗಡುವು ತಪ್ಪಿತು. ಸಂದೇಶ ಬಂದಿತ್ತು, ನಾನು ಆ ದಿನ ತೆರೆಯದೇ ಇದ್ದ ಆ್ಯಪಿನಲ್ಲಿ. "ಹಾಕಿದ್ದೆವಲ್ಲ, ನೋಡಿಲ್ವಾ?" ಅಂದರು. ಈಗ ರಾತ್ರಿ ಹನ್ನೊಂದಕ್ಕೂ ಐದೂ ಆ್ಯಪನ್ನು ಒಂದು ಸುತ್ತು ಹಾಕದೆ ಮಲಗಲು ಆಗುತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ತುಂಬ ಹೊತ್ತು ಕಾಡಿತು. ಇದು ಶಿಸ್ತಿನ ಕೊರತೆ ಅಂತ ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಇಮೇಲ್ ಯಾಕೆ ಹೀಗೆ ಕಾಡುವುದಿಲ್ಲ ಯೋಚಿಸಿ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರ್ ಇಂಟರ್ನೆಟ್ಟಿಗೂ ಮೊದಲಿದ್ದ ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು. ಹೆಸರು ಮತ್ತು ಕಂಪ್ಯೂಟರಿನ ನಡುವೆ ಅಟ್ (@) ಚಿಹ್ನೆ ಇಟ್ಟವರೂ ಅವರೇ. ಮುಂದೆ ಆ ಪತ್ರ ಸಾಗುವ ನಿಯಮ ಎಲ್ಲರಿಗೂ ಒಂದೇ ಆಯಿತು. ಆದ್ದರಿಂದ ನಿಮ್ಮ ಇಮೇಲ್ ಯಾವ ಕಂಪನಿಯದ್ದಾದರೂ ಇರಲಿ, ಎದುರಿನವರದ್ದು ಬೇರೆ ಕಂಪನಿಯದ್ದಾದರೂ ಪತ್ರ ತಲುಪುತ್ತದೆ. ಚಾಟ್ ಆ್ಯಪ್‌ಗಳು ಹಾಗೆ ಬೆಳೆಯಲಿಲ್ಲ. ಒಂದೊಂದೂ ತನ್ನ ಸುತ್ತ ಬೇಲಿ ಹಾಕಿಕೊಂಡಿತು. ಸ್ಲ್ಯಾಕ್‌ನಿಂದ ಬರೆದದ್ದು ವಾಟ್ಸ್ಆ್ಯಪ್‌ಗೆ ತಾನಾಗಿ ಹೋಗದು. ಯುರೋಪಿಯನ್ ಒಕ್ಕೂಟ ತನ್ನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯಲ್ಲಿ ದೊಡ್ಡ ಮೆಸೇಜಿಂಗ್ ಆ್ಯಪ್‌ಗಳು ಬೇರೆಯವರಿಗೂ ಬಾಗಿಲು ತೆರೆಯಬೇಕು ಅಂತ ಹೇಳಿದೆ. 2024ರ ಮಾರ್ಚ್‌ನಿಂದ ಆ ಕಾಯ್ದೆಯ ಹೊಣೆಗಳು ಜಾರಿಗೆ ಬಂದಿವೆ. ಆದರೆ ನಿಮ್ಮ ಕಚೇರಿಯ ಮಟ್ಟಿಗೆ ಇವತ್ತಿಗೆ ಬೇಲಿ ಬೇಲಿಯೇ. ಐದು ಬೇಲಿಯ ನಡುವೆ ಓಡಾಡುವ ಕೆಲಸ ಮಾತ್ರ ನಿಮ್ಮ ಹೆಗಲಿಗೆ ಬಿದ್ದಿದೆ.

ಇದನ್ನು ಒಬ್ಬರೇ ಸರಿ ಮಾಡಲು ಆಗುವುದಿಲ್ಲ. ಎಷ್ಟೇ ನೋಟಿಫಿಕೇಶನ್ ಹೊಂದಿಸಿದರೂ, ಗಡುವು ಎಲ್ಲಿ ಬರುತ್ತದೆ ಅನ್ನುವುದು ತೀರ್ಮಾನ ಆಗದಿದ್ದರೆ ಐದನ್ನೂ ಕಾಯಲೇಬೇಕು. ಹಾಗಾಗಿ ಮೊದಲ ಹೆಜ್ಜೆ ಒಂದು ಮಾತುಕತೆ. ನಮ್ಮ ಕಚೇರಿಯಲ್ಲೂ ಒಂದು ಕಾಲಕ್ಕೆ ಮೂರು ಕಡೆ ಸಂದೇಶ ಬರುತ್ತಿತ್ತು. ಒಂದು ಸರ್ವರ್ ನಿಂತ ಸುದ್ದಿ ಯಾರೂ ನೋಡದ ಗ್ರೂಪಿನಲ್ಲಿ ಮೂರು ಗಂಟೆ ಬಿದ್ದಿತ್ತು. ಮರುದಿನ ನಾನು ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಗೋಡೆಗೆ ಅಂಟಿಸಿದೆ. ಈಗಲೇ ಬೇಕಾದದ್ದಕ್ಕೆ ಫೋನ್ ಮಾಡಿ. ದಿನಾಂಕ ಇರುವುದು, ತೀರ್ಮಾನ ಆದದ್ದು ಇಮೇಲಿಗೆ ಬರಲಿ. ಬಾಕಿ ಮಾತೆಲ್ಲ ಚಾಟ್‌ನಲ್ಲಿ. ಮೊದಲ ವಾರ ಯಾರೂ ಪಾಲಿಸಲಿಲ್ಲ. ಚಾಟ್‌ನಲ್ಲಿ ದಿನಾಂಕ ಬರೆದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಾ ಹೋದೆ: "ಇದನ್ನು ಇಮೇಲ್ ಮಾಡಿ, ಅಲ್ಲಿಂದ ತಗೊಳ್ತೀನಿ." ಮೂರನೇ ವಾರಕ್ಕೆ ಕೇಳದೆಯೇ ಇಮೇಲ್ ಬರತೊಡಗಿತು. ನಾನು ಗ್ರೂಪನ್ನು ಸಂಜೆ ಒಂದು ಸಲ ನೋಡಿದರೆ ಸಾಕಾಯಿತು.

ನೀವು ಮ್ಯಾನೇಜರಿಗೆ ಹೀಗೆ ಬರೆಯಬಹುದು: "ಸಾರ್, ಹೋದ ತಿಂಗಳ ಹಾಗೆ ಮತ್ತೆ ಆಗಬಾರದು ಅಂತ ಕೇಳುತ್ತಿದ್ದೇನೆ. ಗಡುವು ಇರುವ ಕೆಲಸ ಇನ್ನು ಮುಂದೆ ಒಂದೇ ಕಡೆ ಬರುವ ಹಾಗೆ ಮಾಡೋಣವೇ? ಯಾವುದು ಅಂತ ನೀವೇ ಹೇಳಿ. ಅದನ್ನು ನಾನು ಬೆಳಗ್ಗೆ ಮತ್ತು ಮಧ್ಯಾಹ್ನ ತಪ್ಪದೆ ನೋಡುತ್ತೇನೆ." ಯಾವ ಆ್ಯಪ್ ಅನ್ನುವುದನ್ನು ಅವರಿಗೇ ಬಿಡಿ. ಎಷ್ಟೋ ಕಡೆ ಜಗಳ ಶುರುವಾಗುವುದೇ ಆ್ಯಪಿನ ಹೆಸರಿನ ಮೇಲೆ.

ಗ್ರಾಹಕರನ್ನು ಬದಲಾಯಿಸಲು ಆಗದು, ಅವರು ವಾಟ್ಸ್ಆ್ಯಪ್‌ನಲ್ಲೇ ಬರೆಯುತ್ತಾರೆ. ಅಲ್ಲಿ ಬಂದ ಕೆಲಸವನ್ನು ಓದಿದ ಕೂಡಲೇ ನಿಮ್ಮ ಒಂದು ಪಟ್ಟಿಗೆ ಎತ್ತಿ ಬರೆದುಕೊಳ್ಳಿ. ಕಾಗದದ ಮೇಲಾದರೂ ಸರಿ. ಸಂದೇಶವನ್ನೇ ಜ್ಞಾಪಕದ ಪಟ್ಟಿ ಅಂದುಕೊಂಡರೆ ಅದು ಮೇಲಕ್ಕೆ ಸರಿದು ಮಾಯವಾಗುತ್ತದೆ. ಫೋನಿನಲ್ಲಿ ಸದ್ದು ಇರಬೇಕಾದದ್ದು ಕರೆಗೆ ಮತ್ತು ಒಪ್ಪಿಕೊಂಡ ಆ ಒಂದು ಜಾಗಕ್ಕೆ ಮಾತ್ರ. ಉಳಿದ ಗ್ರೂಪ್ ಎಲ್ಲ ಮ್ಯೂಟ್. ಮ್ಯೂಟ್ ಮಾಡಿದರೆ ಎದುರಿನವರಿಗೆ ಗೊತ್ತಾಗುವುದಿಲ್ಲ, ಆ ಹೆದರಿಕೆ ಬೇಡ. ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವವರಿಗೆ, ವಿಷಯ ಏನು ಅಂತ ಮೊದಲು ಒಂದು ಸಾಲು ಬರೆಯಲು ಪ್ರೀತಿಯಿಂದಲೇ ಹೇಳಿ.

ಇನ್ನೊಂದು ಮಾತು. ಯಾವ ಆ್ಯಪೂ ಶಾಶ್ವತ ಅಂತ ತಿಳಿಯಬೇಡಿ. ಆರ್ಕುಟ್ 2014ರಲ್ಲಿ ಮುಚ್ಚಿತು, ಯಾಹೂ ಮೆಸೆಂಜರ್ 2018ರಲ್ಲಿ. 2003ರಲ್ಲಿ ಶುರುವಾಗಿ ಎಷ್ಟೋ ಮನೆಗಳನ್ನು ದೂರದ ಮಕ್ಕಳ ಜೊತೆ ಜೋಡಿಸಿದ್ದ ಸ್ಕೈಪ್ 2025ರ ಮೇ 5ಕ್ಕೆ ನಿಂತುಹೋಯಿತು. ಒಪ್ಪಂದ, ರಸೀದಿ, ಗ್ರಾಹಕರು "ಆಯ್ತು" ಅಂದ ಮಾತು, ಇವನ್ನು ಚಾಟ್‌ನಲ್ಲಿ ಮಾತ್ರ ಬಿಡಬೇಡಿ. ಆಗಾಗ ಹೊರಗೆ ತೆಗೆದಿಟ್ಟುಕೊಳ್ಳಿ.

ರಾತ್ರಿಯ ಸುತ್ತನ್ನು ಒಮ್ಮೆಲೇ ಬಿಡಲು ಆಗದಿದ್ದರೆ, ಈ ವಾರ ಒಂದು ಆ್ಯಪನ್ನು ಅದರಿಂದ ಹೊರಗಿಡಿ. ಟೆಲಿಗ್ರಾಂನಿಂದ ಶುರು ಮಾಡಿ. ಸ್ನೇಹಿತರು ಬೆಳಗ್ಗೆವರೆಗೆ ಕಾಯುತ್ತಾರೆ.

ಪ್ರಶ್ನೆ: ಫೋನ್ ನಂಬರ್ ಬದಲಾಯಿಸಿದೆ. ಹಳೆಯ ಸಿಮ್ ಬಿಸಾಡಿದೆ. ಈಗ ಎಲ್ಲಿ ಹೋದರೂ ಓಟಿಪಿ ಹಳೆಯ ನಂಬರಿಗೇ ಹೋಗುತ್ತಿದೆ. ನಂಬರ್ ಬದಲಾಯಿಸೋಣ ಎಂದರೆ ಅದಕ್ಕೂ ಹಳೆಯ ನಂಬರಿಗೆ ಬಂದ ಓಟಿಪಿ ಕೇಳುತ್ತದೆ!

ಉತ್ತರ: ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ನನ್ನ ಅಕ್ಕ ಹದಿನೈದು ವರ್ಷ ನನಗೆ ಇಮೇಲಿನಲ್ಲಿ ಉದ್ದುದ್ದ ಪತ್ರ ಬರೆಯುತ್ತಿದ್ದಳು. ಆ ಅಕೌಂಟ್ ಇದ್ದದ್ದು ನನ್ನ ಹಳೆಯ ನಂಬರಿನ ಮೇಲೆ. ನಂಬರ್ ಬಿಟ್ಟೆ, ಸೆಟ್ಟಿಂಗ್ಸ್ ಬದಲಾಯಿಸುವುದನ್ನು ನಾಳೆ ನಾಳೆ ಅಂತ ತಳ್ಳಿದೆ. ಒಂದು ದಿನ ಫೋನ್ ಕೆಟ್ಟಿತು, ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೋದರೆ ಆರು ಅಂಕಿಯ ಕೋಡ್ ಕೇಳಿತು. ಅದು ಯಾರದೋ ಕೈಯಲ್ಲಿರುವ ನಂಬರಿಗೆ ಹೋಗುತ್ತಿತ್ತು. ಎಷ್ಟು ಸಲ ಅರ್ಜಿ ಹಾಕಿದರೂ ಪತ್ರಗಳು ಸಿಗಲಿಲ್ಲ. ಅದಕ್ಕೇ ಈ ವಿಷಯವನ್ನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ನೀವು ಇವತ್ತೇ ಮಾಡಬೇಕಾದದ್ದು: ಹಳೆಯ ನಂಬರಿನ ಕಂಪನಿಗೆ ಗುರುತಿನ ದಾಖಲೆ ಹಿಡಿದುಕೊಂಡು ಹೋಗಿ, ಆ ನಂಬರ್ ಇನ್ನೂ ನಿಮ್ಮ ಹೆಸರಿನಲ್ಲಿ ಇದ್ದರೆ ಬದಲಿ ಸಿಮ್ ಕೇಳಿ. ನಿಂತ ನಂಬರನ್ನು ಕಂಪನಿಗಳು ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತವೆ. ಆದ್ದರಿಂದ ತಡ ಮಾಡಬೇಡಿ. ಸಿಮ್ ಸಿಕ್ಕರೆ ಮೊದಲು ಇಮೇಲ್, ಆಮೇಲೆ ಬ್ಯಾಂಕು, ಆಮೇಲೆ ವಾಟ್ಸ್ಆ್ಯಪ್. ವಾಟ್ಸ್ಆ್ಯಪ್‌ನಲ್ಲಿ ನಂಬರ್ ಬದಲಾಯಿಸಲೆಂದೇ ಒಂದು ಆಯ್ಕೆ ಇದೆ, ಗ್ರೂಪ್‌ಗಳೂ ಉಳಿಯುತ್ತವೆ. ಸಿಮ್ ಸಿಗದಿದ್ದರೆ ಬ್ಯಾಂಕಿಗೆ ನೇರವಾಗಿ ಹೋಗಿ ಬರವಣಿಗೆಯಲ್ಲಿ ಕೊಡಿ. ಯಾವುದೋ ಹಳೆಯ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಮೇಲ್ ಇನ್ನೂ ತೆರೆದೇ ಇದ್ದರೆ ಅದನ್ನು ಲಾಗೌಟ್ ಮಾಡಲೇಬೇಡಿ, ಅಲ್ಲಿಂದಲೇ ನಂಬರ್ ಬದಲಾಯಿಸಲು ಪ್ರಯತ್ನಿಸಿ.

ಮುಂದಕ್ಕೆ ಎರಡು ಆಸರೆ ಮಾಡಿಕೊಳ್ಳಿ. ಒಂದು, ಬ್ಯಾಕಪ್ ಕೋಡ್. ಇಮೇಲಿನ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಸಲ ಮಾತ್ರ ನಡೆಯುವ ಕೆಲವು ಕೋಡ್ ಕೊಡುತ್ತಾರೆ. ಕಾಗದಕ್ಕೆ ಬರೆದು ಮುಖ್ಯ ದಾಖಲೆಗಳ ಜೊತೆ ಇಡಿ. ಇನ್ನೊಂದು, ಅಥೆಂಟಿಕೇಟರ್ ಆ್ಯಪ್. ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ತೋರಿಸುತ್ತದೆ. ನಿಮ್ಮ ಫೋನಿಗೂ ಆ ಜಾಲತಾಣಕ್ಕೂ ಒಂದೇ ಗುಟ್ಟಿನ ಸಂಖ್ಯೆ ಗೊತ್ತಿರುತ್ತದೆ. ಎರಡೂ ಗಡಿಯಾರ ನೋಡಿ ಒಂದೇ ಲೆಕ್ಕ ಮಾಡುತ್ತವೆ. ಹಾಗಾಗಿ ಸಿಗ್ನಲ್ಲೇ ಇಲ್ಲದಿದ್ದರೂ ಕೋಡ್ ಸಿಗುತ್ತದೆ, ಸಿಮ್ ಬದಲಾದರೂ ಚಿಂತೆಯಿಲ್ಲ. ಫೋನ್ ಬದಲಾಯಿಸುವಾಗ ಮಾತ್ರ ಹಳೆಯದನ್ನು ಕೊಡುವ ಮೊದಲು ಅದನ್ನು ಹೊಸದಕ್ಕೆ ದಾಟಿಸಿಕೊಳ್ಳಿ.

ಪ್ರಶ್ನೆ: ಈಚೆಗೆ ಎಲ್ಲ ಕಡೆ ‘ಪಾಸ್‌ಕೀ ಮಾಡಿಕೊಳ್ಳಿ’ ಅಂತ ಬರುತ್ತಿದೆ. ಇದು ಇನ್ನೊಂದು ಹೊಸ ಪಾಸ್‌ವರ್ಡಾ? ನನ್ನ ಬೆರಳಚ್ಚು ಅವರಿಗೆ ಹೋಗುತ್ತದಾ? ಹೆದರಿ ‘ಬೇಡ’ ಒತ್ತುತ್ತಿದ್ದೇನೆ.

ಉತ್ತರ: ಬೆರಳಚ್ಚು ಎಲ್ಲಿಗೂ ಹೋಗುವುದಿಲ್ಲ. ಬಂದಿರುವುದು ನೀವೇ ಅಂತ ನಿಮ್ಮ ಫೋನಿಗೆ ತಿಳಿಸಲು ಮಾತ್ರ ಅದು ಬೇಕು. ಪಾಸ್‌ಕೀ ಅಂದರೆ ಒಂದು ಜೋಡಿ ಕೀಲಿ. ಒಂದು ನಿಮ್ಮ ಹತ್ತಿರ ಗುಟ್ಟಾಗಿ ಇರುತ್ತದೆ, ಇನ್ನೊಂದು ಜಾಲತಾಣದ ಹತ್ತಿರ. ಅವರ ಬಳಿ ಇರುವುದು ಕಳುವಾದರೂ ಅದರಿಂದ ನಿಮ್ಮ ಅಕೌಂಟ್ ತೆರೆಯಲು ಬರುವುದಿಲ್ಲ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಇದಕ್ಕೆ ಒಟ್ಟಾಗಿ ಬೆಂಬಲ ಕೊಡುತ್ತೇವೆ ಅಂತ 2022ರ ಮೇನಲ್ಲಿ ಹೇಳಿದವು. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಒಂದಿದೆ. ಆ ಕೀಲಿ ಅಸಲಿ ಜಾಲತಾಣದ ವಿಳಾಸಕ್ಕೆ ಮಾತ್ರ ಹೊಂದುತ್ತದೆ. ಬ್ಯಾಂಕಿನ ಹಾಗೇ ಕಾಣುವ ನಕಲಿ ಪುಟಕ್ಕೆ ನೀವು ಮೋಸಹೋದರೂ ಕೀಲಿ ಮೋಸಹೋಗುವುದಿಲ್ಲ.

ನಿಮ್ಮದೇ ಫೋನಿನಲ್ಲಿ, ಸ್ಕ್ರೀನ್ ಲಾಕ್ ಇದ್ದರೆ, ಧೈರ್ಯವಾಗಿ ‘ಸರಿ’ ಒತ್ತಿ. ಕಚೇರಿಯ ಕಂಪ್ಯೂಟರಿನಲ್ಲೋ ಬೇರೆಯವರ ಫೋನಿನಲ್ಲೋ ಕೇಳಿದರೆ ಬೇಡ.

ಪ್ರಶ್ನೆ: ನನ್ನ ಯಜಮಾನರು ತೀರಿಕೊಂಡು ಎರಡು ತಿಂಗಳಾಯಿತು. ಬಿಲ್ಲು, ಬ್ಯಾಂಕು, ಫೋಟೋ, ಎಲ್ಲವೂ ಅವರ ಫೋನಿನಲ್ಲೇ. ಲಾಕ್ ತೆಗೆಯುವ ಪಿನ್ ನನಗೆ ಗೊತ್ತು. ಆದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಸುಮ್ನೆ ಯಾಕೆ ಅಂತ ಅವರ ನಂಬರ್ ನಿಲ್ಲಿಸಿಬಿಡಲು ಎಲ್ಲರೂ ಹೇಳುತ್ತಿದ್ದಾರೆ.

ಉತ್ತರ: ಅಮ್ಮಾ, ನಂಬರ್ ನಿಲ್ಲಿಸಬೇಡಿ. ಅದನ್ನು ಎಲ್ಲಕ್ಕಿಂತ ಕೊನೆಗೆ ನಿಲ್ಲಿಸಿ. ಓಟಿಪಿ ಬರುವುದು ಅದಕ್ಕೆ, ಅದು ಹೋದರೆ ಉಳಿದ ಬಾಗಿಲುಗಳೂ ಮುಚ್ಚುತ್ತವೆ. ಕರೆನ್ಸಿ ಹಾಕಿಸಿ ಚಾಲ್ತಿಯಲ್ಲಿಡಿ, ಫೋನಿಗೆ ಚಾರ್ಜ್ ಇರಲಿ.

ನಂಬಿಕೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಫೋಟೋಗಳನ್ನು ಬೇರೆ ಕಡೆಗೆ ನಕಲು ಮಾಡಿಸಿ. ಆಮೇಲೆ ಅವರ ಇಮೇಲಿನಲ್ಲಿ ಒಂದು ವರ್ಷದ ಪತ್ರ ನೋಡಿ. ಯಾವ್ಯಾವ ಬಿಲ್ಲು, ವಿಮೆ, ಕಂತು ಇದೆ ಅಂತ ಅಲ್ಲೇ ಪಟ್ಟಿ ಸಿಗುತ್ತದೆ. ಬ್ಯಾಂಕಿನ ಆ್ಯಪ್ ಮಾತ್ರ ತೆರೆದು ಅವರ ಹೆಸರಿನಲ್ಲಿ ಹಣ ಸಾಗಿಸಲು ಹೋಗಬೇಡಿ. ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೇ ಹೋಗಿ, ಆಮೇಲೆ ತೊಡಕಾಗುವುದಿಲ್ಲ.

ಉಳಿದದ್ದಕ್ಕೆ ಸ್ವಲ್ಪ ಸಮಯ ಇದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಅಕೌಂಟನ್ನು ಗೂಗಲ್ ಅಳಿಸಬಹುದು. ಫೇಸ್‌ಬುಕ್ಕಿಗೆ ತಿಳಿಸಿದರೆ ಅವರ ಪುಟವನ್ನು ನೆನಪಿನ ಪುಟವಾಗಿ ಉಳಿಸಿಕೊಡುತ್ತದೆ. ನಿಮ್ಮ ಸ್ವಂತ ಅಕೌಂಟಿಗೂ, ಮನಸ್ಸು ಬಂದಾಗ, ಮುಂದೆ ಯಾರು ನೋಡಿಕೊಳ್ಳಬೇಕು ಅಂತ ಬರೆದಿಡಿ. ಗೂಗಲ್‌ನಲ್ಲಿ ‘ಇನಾಕ್ಟಿವ್ ಅಕೌಂಟ್ ಮ್ಯಾನೇಜರ್’, ಆ್ಯಪಲ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಅಂತ ಅದಕ್ಕೆಂದೇ ಜಾಗ ಇದೆ. ಇದಕ್ಕೆ ಅವಸರ ಇಲ್ಲ.

ಅವಸರ ಇರುವುದು ವಾಟ್ಸ್ಆ್ಯಪ್ ಒಂದಕ್ಕೆ. 120 ದಿನ ಬಳಸದಿದ್ದರೆ ಆ ಅಕೌಂಟ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ, ನಿಮಗೆ ಎರಡು ತಿಂಗಳು ಆಗಲೇ ಕಳೆದಿದೆ. ಅವರು ನಿಮಗೆ ಕಳಿಸಿದ ವಾಯ್ಸ್ ಮೆಸೇಜ್‌ಗಳು ನಿಮ್ಮ ಫೋನಿನಲ್ಲೂ ಇರುತ್ತವೆ. ಆ ಚಾಟ್ ತೆರೆಯಿರಿ, ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಚಾಟ್’ ಹುಡುಕಿ, ಮೀಡಿಯಾ ಸೇರಿಸಿ ಅಂತ ಕೊಟ್ಟು ನಿಮ್ಮ ಇಮೇಲಿಗೋ ಮಕ್ಕಳ ಕಂಪ್ಯೂಟರಿಗೋ ಕಳಿಸಿಕೊಳ್ಳಿ. ತುಂಬ ಹಳೆಯ ಚಾಟ್ ಆದರೆ ಒಂದೇ ಸಲಕ್ಕೆ ಎಲ್ಲವೂ ಬರುವುದಿಲ್ಲ. ಬೇಕೇಬೇಕು ಅನ್ನಿಸುವ ಧ್ವನಿಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಬೇರೆ ಕಡೆ ಉಳಿಸಿ. ಕಳಿಸಿದ ಮೇಲೆ ಒಂದನ್ನು ತೆರೆದು, ಅವರ ಧ್ವನಿ ಕೇಳಿಸುತ್ತದಾ ಅಂತ ನೋಡಿಕೊಳ್ಳಿ. ಕೇಳಿಸದಿದ್ದರೆ ಪತ್ರಿಕೆಯ ವಿಳಾಸಕ್ಕೆ ಮತ್ತೆ ಬರೆಯಿರಿ. ಮುಂದಿನ ಸಂಚಿಕೆವರೆಗೆ ಕಾಯಿಸುವುದಿಲ್ಲ, ಕೂಡಲೇ ಉತ್ತರ ಕಳಿಸುತ್ತೇನೆ.